ಹಸಿರು ಮೇಜಿಗೆ ಕೊಟ್ಟ ಆಯುಷ್ಯ ವ್ಯರ್ಥವೇ?

ಆಯುಷ್ಯದ ದೊಡ್ಡ ಪಾಲನ್ನು ಒಂದು ಆಟಕ್ಕೆ ಕೊಟ್ಟವರು ಮುಪ್ಪಿನಲ್ಲಿ ಹಿಂದಿರುಗಿ ನೋಡಿ, ಇದೆಲ್ಲ ಸಾರ್ಥಕವಾಯಿತೇ ಎಂದು ಕೇಳಿದರೆ ನಮ್ಮ ಸಮಾಜದಲ್ಲಿ ಉತ್ತರ ಸಿದ್ಧವಾಗಿಯೇ ಇರುತ್ತದೆ. ವ್ಯರ್ಥವಾಯಿತು, ಇನ್ನಾದರೂ ಪಶ್ಚಾತ್ತಾಪಪಡಿ, ಮಸೀದಿಯ ಕಡೆಗೆ ಬನ್ನಿ ಎಂದು ಹೇಳಿಬಿಡುತ್ತೇವೆ. ಕೇಳಿದವರು ಐದು ಹೊತ್ತೂ ಮಸೀದಿಯ ಮೊದಲ ಸಾಲಿನಲ್ಲೇ ಇರುವವರೆಂಬುದು ಆಗ ಯಾರ ನೆನಪಿಗೂ ಬರುವುದಿಲ್ಲ. ಇಷ್ಟು ಸುಲಭದ ಉತ್ತರವು ಪ್ರಶ್ನೆಗೆ ಮಾಡುವ ಅನ್ಯಾಯವೆಂದು ನಾವು ಭಾವಿಸುತ್ತೇವೆ. ಆಯುಷ್ಯವನ್ನು ಯಾವುದರಲ್ಲಿ ಕಳೆದೆ ಎಂದು ನಾಳೆ ವಿಚಾರಣೆಯ ದಿನ ಕೇಳಲಾಗುವುದೆಂದು ನಂಬಿದವರು ಆ ಪ್ರಶ್ನೆಯನ್ನು ಇಲ್ಲಿಯೇ ತಮಗೆ ತಾವೇ ಕೇಳಿಕೊಂಡಾಗ, ಅದನ್ನು ಕೂತು ಆಲಿಸುವಷ್ಟಾದರೂ ವ್ಯವಧಾನ ನಮಗಿರಬೇಕು.

ನಮ್ಮ ಮೊಹಲ್ಲಾದ ಹಿರಿಯರೊಬ್ಬರು ಇತ್ತೀಚೆಗೆ ಇಂಥದೇ ಪ್ರಶ್ನೆಯನ್ನು ನಮ್ಮ ಮುಂದಿಟ್ಟರು. ಅವರ ಆಟ ಪೂಲ್. 1983ರಲ್ಲಿ ಗಲ್ಫ್‌ನ ಒಂದು ಬಂದರು ನಗರಕ್ಕೆ ದುಡಿಯಲು ಹೋದವರು, ಕಂಪೆನಿಯ ವಸತಿಯಲ್ಲಿದ್ದ ಮೇಜಿನ ಬಳಿ ಮೊದಲ ಬಾರಿಗೆ ಕೋಲು ಹಿಡಿದರು. ಅಲ್ಲಿಂದ 38 ವರ್ಷ ಆಡಿದರು. ಈಗ ಕಣ್ಣು ಮಂಜಾಗಿದೆ, ಸೊಂಟ ಬಾಗದು. ಅವರ ಮೊಮ್ಮಗನಿಗೆ ಅದೇ ಆಟದ ಹುಚ್ಚು ಹಿಡಿದಿದೆ. ಹುಡುಗನಿಗೆ ಬುದ್ಧಿ ಹೇಳಿ ಎಂದು ಸೊಸೆ ನಮ್ಮಲ್ಲಿಗೆ ಹೇಳಿ ಕಳುಹಿಸಿದರು. ಬುದ್ಧಿ ಹೇಳುವ ಮೊದಲು ನನ್ನ ಲೆಕ್ಕ ತೀರಿಸಿಕೊಡಿ ಎಂದು ಅಜ್ಜನೇ ಬಂದು ಕುಳಿತರು.

ಆ ಮೊಮ್ಮಗ ಫೋನಿನಲ್ಲಿ ಒಂದು ಲೆಕ್ಕ ಹಾಕಿಕೊಟ್ಟಿದ್ದನಂತೆ. ದಿನಕ್ಕೆ ಎರಡು ಗಂಟೆ, ವಾರಕ್ಕೆ ಐದು ದಿನ, 38 ವರ್ಷ. ಒಟ್ಟು 19,760 ಗಂಟೆ. ಹಗಲು ರಾತ್ರಿ ಎಡೆಬಿಡದೆ ಆಡಿದರೆ ಎರಡೂಕಾಲು ವರ್ಷ. ಈ ಎರಡೂಕಾಲು ವರ್ಷವು ಹಿರಿಯರ ನಿದ್ದೆ ಕೆಡಿಸಿತ್ತು. ನಾವು ಅದೇ ಫೋನಿನಲ್ಲಿ ಇನ್ನೊಂದು ಲೆಕ್ಕ ಹಾಕಿಸಿದೆವು. ದಿನಕ್ಕೆ ಮೂರು ಗಂಟೆ ಫೋನ್ ನೋಡುವವನು ಅಷ್ಟೇ ಗಂಟೆಗಳನ್ನು ಹದಿನೆಂಟು ವರ್ಷಗಳಲ್ಲಿ ಮುಗಿಸುತ್ತಾನೆ. ಹುಡುಗ ಫೋನನ್ನು ಜೇಬಿಗೆ ಹಾಕಿಕೊಂಡ. ಹೀಗೆಂದು ಅಜ್ಜನ ಲೆಕ್ಕ ಸರಿಹೋಯಿತೆಂದು ಅರ್ಥವಲ್ಲ. ಒಬ್ಬರ ನಷ್ಟವು ಇನ್ನೊಬ್ಬರ ನಷ್ಟದಿಂದ ಲಾಭವಾಗಿ ಬದಲಾಗುವುದಿಲ್ಲ.

ಆಟವನ್ನು ಅರಿಯದವರಿಗಾಗಿ ಎರಡು ಮಾತು. ಒಂಬತ್ತು ಅಡಿ ಉದ್ದ, ನಾಲ್ಕೂವರೆ ಅಡಿ ಅಗಲದ ಮೇಜು. ಅದರ ಹೊಟ್ಟೆಯಲ್ಲಿ ಸಪಾಟಾದ ಕಲ್ಲಿನ ಹಾಸು, ಮೇಲೆ ಉಣ್ಣೆಯ ಬಟ್ಟೆ, ಸುತ್ತ ಆರು ಕುಳಿಗಳು. ಬಿಳಿಯ ಚೆಂಡನ್ನು ಕೋಲಿನಿಂದ ಹೊಡೆದು, ಅದರಿಂದ ಬಣ್ಣದ ಚೆಂಡುಗಳನ್ನು ಕುಳಿಗೆ ಬೀಳಿಸುವುದು ಆಟ. ದೊಡ್ಡವರ ಗೋಲಿಯಾಟವೆಂದು ಅನಿಸಬಹುದು. ಆದರೆ ಚೆಂಡನ್ನು ಕುಳಿಗೆ ಬೀಳಿಸುವುದು ಇದರಲ್ಲಿ ಅರ್ಧ ವಿದ್ಯೆ ಮಾತ್ರ. ಬಣ್ಣದ ಚೆಂಡು ಬಿದ್ದ ಮೇಲೆ ಬಿಳಿಯ ಚೆಂಡು ಎಲ್ಲಿ ಬಂದು ನಿಲ್ಲುತ್ತದೆ, ಅಲ್ಲಿಂದ ಮುಂದಿನ ಹೊಡೆತಕ್ಕೆ ದಾರಿಯಿದೆಯೇ, ಅದರ ಮುಂದಿನದಕ್ಕೆ ಇದೆಯೇ ಎಂಬುದು ಉಳಿದರ್ಧ. ಬಿಳಿಯ ಚೆಂಡಿನ ಕೆಳಭಾಗಕ್ಕೆ ತಾಗಿಸಿದರೆ ಅದು ಹಿಂದಕ್ಕೆ ಬರುತ್ತದೆ, ಮೇಲ್ಭಾಗಕ್ಕೆ ತಾಗಿಸಿದರೆ ಹಿಂಬಾಲಿಸುತ್ತದೆ, ಪಕ್ಕಕ್ಕೆ ತಾಗಿಸಿದರೆ ಅಂಚಿಗೆ ಬಡಿದು ಕೋನ ಬದಲಿಸುತ್ತದೆ. ಕೋಲಿನ ತುದಿಗೆ ಚರ್ಮದ ತುಣುಕನ್ನು ಅಂಟಿಸಿದ ಮೇಲೆಯೇ ಇದೆಲ್ಲ ಸಾಧ್ಯವಾದದ್ದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮಿಂಗೋ ಎಂಬ ಫ್ರೆಂಚ್ ಸೈನಿಕ ಸೆರೆಮನೆಯಲ್ಲಿದ್ದುಕೊಂಡು ಇದನ್ನು ಅಭ್ಯಾಸ ಮಾಡಿದನೆಂದು ಆಟದ ಚರಿತ್ರೆಕಾರರು ಬರೆಯುತ್ತಾರೆ.

ಈ ಆಟಕ್ಕೆ ಕೆಟ್ಟ ಹೆಸರು ಬಂದದ್ದು ಸುಮ್ಮನೆ ಅಲ್ಲ. ಪೂಲ್ ಎಂಬ ಹೆಸರೇ ಪಣದ ಹಣವನ್ನು ಒಟ್ಟುಗೂಡಿಸುವುದಕ್ಕೆ ಸಂಬಂಧಿಸಿದ್ದು. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಪೂಲ್‌ರೂಮ್ ಎಂದರೆ ಕುದುರೆ ಪಂದ್ಯಕ್ಕೆ ಬಾಜಿ ಕಟ್ಟುವ ಸ್ಥಳ. ಒಂದು ಪಂದ್ಯ ಮುಗಿದು ಇನ್ನೊಂದು ಆರಂಭವಾಗುವ ತನಕ ಗಿರಾಕಿಗಳು ಎದ್ದು ಹೋಗದಿರಲೆಂದು ಅಲ್ಲಿ ಬಿಲಿಯರ್ಡ್ಸ್ ಮೇಜುಗಳನ್ನು ಇಟ್ಟರು. ಕಾಲಾಂತರದಲ್ಲಿ ಕೋಣೆಯ ಹೆಸರು ಆಟಕ್ಕೆ ಅಂಟಿತು, ಹೆಸರಿನೊಂದಿಗೆ ಕಳಂಕವೂ ಅಂಟಿತು. ಹಾಗಾಗಿ ತಂದೆತಾಯಿಗಳ ಆತಂಕವನ್ನು ನಾವು ಅಲ್ಲಗಳೆಯುವುದಿಲ್ಲ. ಜೂಜು ಎಲ್ಲಿದೆಯೋ ಅಲ್ಲಿ ಮಾತುಕತೆಗೆ ಆಸ್ಪದವೇ ಇಲ್ಲ. ಪವಿತ್ರ ಕುರ್‌ಆನ್‌ನ ಅಲ್ ಮಾಇದಾ ಅಧ್ಯಾಯದ 90ನೆಯ ಸೂಕ್ತವು ಮದ್ಯದ ಜೊತೆಗೇ ಜೂಜನ್ನೂ ಸೇರಿಸಿ ದೂರವಿಡಲು ಆಜ್ಞಾಪಿಸಿದೆ.

ಇಲ್ಲಿ ನಮ್ಮ ಯುವಕರು ಗಮನಿಸದ ಒಂದು ಸಂಗತಿಯಿದೆ. ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ನಮ್ಮ ನಗರಗಳ ಪೂಲ್ ಮನೆಗಳಲ್ಲಿ ಮೇಜಿಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆಯುಂಟು. ಸೋತವನು ಬಾಡಿಗೆ ಕೊಡಬೇಕೆಂಬುದು ಬಹುತೇಕ ಕಡೆ ರೂಢಿ. ನಾವು ಬಾಜಿ ಕಟ್ಟುವುದಿಲ್ಲ, ಬರೀ ಸೋತವರು ಮೇಜಿನ ಹಣ ಕೊಡುತ್ತಾರೆ ಎಂದು ಹುಡುಗರು ಮುಗ್ಧವಾಗಿ ಹೇಳುತ್ತಾರೆ. ಆದರೆ ಇಬ್ಬರೂ ಕೊಡಬೇಕಾದ ಬಾಡಿಗೆಯನ್ನು ಗೆಲುವು ಸೋಲಿನ ಮೇಲೆ ನಿಲ್ಲಿಸಿದಾಗ, ಒಬ್ಬನ ಪಾಲಿನ ಹಣ ಇನ್ನೊಬ್ಬನ ಜೇಬಿನಿಂದ ಹೋಗುತ್ತದೆ. ಇದು ಜೂಜಿನ ವ್ಯಾಪ್ತಿಗೆ ಬರುತ್ತದೆಂದು ಹೇಳುವ ವಿದ್ವಾಂಸರಿದ್ದಾರೆ, ಅವರ ಮಾತು ನಮಗೂ ಸರಿಯೆಂದೇ ಕಾಣುತ್ತದೆ. ಪರಿಹಾರವೇನೂ ಕಷ್ಟದ್ದಲ್ಲ. ಆಟಕ್ಕೆ ಮೊದಲೇ ಬಾಡಿಗೆಯನ್ನು ಸಮಪಾಲು ಮಾಡಿ ಇಟ್ಟುಬಿಟ್ಟರೆ ಮುಗಿಯಿತು. ನಾವು ಹೇಳುತ್ತಿರುವ ಹಿರಿಯರು ಊರಿಗೆ ಮರಳಿದ ಮೇಲೆ ಮಾಡಿದ್ದೂ ಇದನ್ನೇ. ಅರ್ಧ ಹಣವನ್ನು ಮೊದಲೇ ಗಲ್ಲಾದ ಮೇಲಿಟ್ಟು ಕೋಲು ತೆಗೆಯುತ್ತಿದ್ದರಂತೆ. ಸೋಲಿನ ಭಯದಿಂದ ಹೀಗೆ ಮಾಡುತ್ತಾರೆಂದು ಕೆಲವರು ನಕ್ಕರು. ಆ ಮನೆಯಲ್ಲಿ ಅವರನ್ನು ಸೋಲಿಸುವವರು ಇರಲಿಲ್ಲವೆಂಬುದು ಬೇರೆ ಮಾತು.

ಜೂಜು ಇಲ್ಲ, ನಮಾಝ್ ತಪ್ಪಲಿಲ್ಲ, ಕೆಟ್ಟ ಮಾತಿಲ್ಲ. ಹಾಗಿದ್ದೂ ವ್ಯರ್ಥವೆನ್ನಬಹುದೇ? ವಿನೋದವನ್ನೇ ಅರಿಯದ ಧರ್ಮವನ್ನು ನಮ್ಮ ಮಕ್ಕಳಿಗೆ ಪರಿಚಯಿಸುವವರು ಹನ್‌ಝಲ(ರ)ರ ಪ್ರಸಂಗವನ್ನು ಮತ್ತೊಮ್ಮೆ ಓದಬೇಕು. ಪ್ರವಾದಿ(ಸ)ರ ಸನ್ನಿಧಿಯಲ್ಲಿ ಸ್ವರ್ಗ ನರಕಗಳನ್ನು ಕಣ್ಣಾರೆ ಕಂಡಂತಾಗಿ, ಮನೆಗೆ ಹೋದೊಡನೆ ಮಡದಿ ಮಕ್ಕಳು ವ್ಯವಹಾರಗಳಲ್ಲಿ ಮರೆತುಹೋಗುವ ತನ್ನ ಸ್ಥಿತಿಯು ಕಾಪಟ್ಯವೇನೋ ಎಂದು ಅವರು ಅಂಜಿದರು. ಪ್ರವಾದಿ(ಸ)ರು ಅವರನ್ನು ಗದರಿಸಲಿಲ್ಲ. ಅದಕ್ಕೊಂದು ಹೊತ್ತು, ಇದಕ್ಕೊಂದು ಹೊತ್ತು ಎಂಬ ಆಶಯದ ಮಾತು ಹೇಳಿ ಸಮಾಧಾನಪಡಿಸಿದರು. ಅಬಿಸೀನಿಯದವರು ಮಸೀದಿಯಲ್ಲಿ ಈಟಿಗಳೊಂದಿಗೆ ಆಡಿದ್ದನ್ನು ಆಯಿಶಾ(ರ)ರಿಗೆ ತೋರಿಸಿದವರೂ ಅವರೇ. ಪಗಡೆಯಂಥ ದಾಳದ ಆಟದ ವಿಷಯದಲ್ಲಿ ಕಠಿಣ ನಿಷೇಧವಿದೆ; ಚದುರಂಗದ ಬಗ್ಗೆ ಪೂರ್ವಿಕ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಪೂಲ್‌ನಲ್ಲಿ ದಾಳವಿಲ್ಲ, ಕೈ, ಕಣ್ಣು, ಲೆಕ್ಕಾಚಾರ ಅಷ್ಟೇ. ಇದರ ತೀರ್ಪನ್ನು ನಾವು ಇಲ್ಲಿ ಕೊಡಲು ಹೊರಟಿಲ್ಲ, ಅದಕ್ಕೆ ಮುಫ್ತಿಗಳಿದ್ದಾರೆ. ನಮ್ಮ ಮುಂದಿರುವುದು ಅನುಮತಿ ಇದೆಯೇ ಎಂಬ ಪ್ರಶ್ನೆಯ ನಂತರದ ಪ್ರಶ್ನೆ: ಅನುಮತಿ ಇದ್ದದ್ದಕ್ಕೆ ಎಷ್ಟು ಆಯುಷ್ಯ ಕೊಡಬಹುದಾಗಿತ್ತು?

ಈ ಪ್ರಶ್ನೆಗೆ ಜನರು ಸಾಮಾನ್ಯವಾಗಿ ಪದಕವನ್ನು ಉತ್ತರವಾಗಿ ತರುತ್ತಾರೆ. ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಅಡ್ವಾಣಿಯವರು ಬಿಲಿಯರ್ಡ್ಸ್ ಮತ್ತು ಸ್ನೂಕರ್‌ಗಳಲ್ಲಿ 25ಕ್ಕೂ ಹೆಚ್ಚು ವಿಶ್ವ ಪ್ರಶಸ್ತಿಗಳನ್ನು ಗೆದ್ದಿದ್ದಾರೆ. ಅವರು ಮೇಜಿನ ಬಳಿ ಕಳೆದ ಗಂಟೆಗಳನ್ನು ಯಾರೂ ವ್ಯರ್ಥವೆನ್ನುವುದಿಲ್ಲ. 1958ರಲ್ಲಿ ಕಲ್ಕತ್ತೆಯಲ್ಲಿ ವಿಶ್ವ ಬಿಲಿಯರ್ಡ್ಸ್ ಪ್ರಶಸ್ತಿ ಗೆದ್ದ ವಿಲ್ಸನ್ ಜೋನ್ಸ್‌ರ ಗಂಟೆಗಳೂ ವ್ಯರ್ಥವಲ್ಲ, 1973ರಲ್ಲಿ ಮುಂಬಯಿಯಲ್ಲಿ ಅದೇ ಪ್ರಶಸ್ತಿ ಗೆದ್ದ ಶ್ರೀಲಂಕೆಯ ಮುಹಮ್ಮದ್ ಲಾಫೀರ್‌ರದೂ ಅಲ್ಲ. ಸಂತೋಷ. ಆದರೆ ಅದೇ ಗಂಟೆಗಳನ್ನು ಕೊಟ್ಟು ಯಾವ ಪದಕವನ್ನೂ ಪಡೆಯದವನು ಮಾತ್ರ ಸೋಮಾರಿ. ಈ ತರ್ಕವು ನಮಗೆ ಒಪ್ಪಿಗೆಯಿಲ್ಲ. ಆಟವು ನಿಜಕ್ಕೂ ವ್ಯರ್ಥವಾಗಿದ್ದರೆ ಪದಕವು ಅದನ್ನು ಸಾರ್ಥಕಗೊಳಿಸಲಾರದು. ಆಟದಲ್ಲಿ ಸಾರವಿದ್ದರೆ ಪದಕವಿಲ್ಲದವನಿಗೂ ಆ ಸಾರ ದಕ್ಕಿರಲೇಬೇಕು. ಜೀವನೋಪಾಯದ ಮಾತು ಬೇರೆ. ಅದು ದುಡಿಮೆ, ಅದನ್ನು ಆಟದ ಲೆಕ್ಕದಲ್ಲಿ ಹಿಡಿಯಬಾರದು.

ಅಮೆರಿಕದ ವಿಲ್ಲಿ ಮೊಸ್ಕೋನಿಯ ಕಥೆಯನ್ನು ನೋಡಿ. ಫಿಲಡೆಲ್ಫಿಯಾದಲ್ಲಿ ಅವನ ತಂದೆಯೇ ಪೂಲ್ ಮನೆ ನಡೆಸುತ್ತಿದ್ದ. ಮಗ ಮಾತ್ರ ಆ ಆಟದ ಹತ್ತಿರ ಬರಬಾರದೆಂದು ಚೆಂಡು ಕೋಲುಗಳನ್ನು ಬೀಗ ಹಾಕಿ ಇಡುತ್ತಿದ್ದ. ಹುಡುಗ ಅಡುಗೆಮನೆಯಿಂದ ಆಲೂಗಡ್ಡೆಗಳನ್ನು ತಂದು ಪೊರಕೆಯ ಹಿಡಿಯಿಂದ ಹೊಡೆದು ಕಲಿತ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಮನೆಗೆ ಅನ್ನ ಬೇಕಾದಾಗ ಅದೇ ಆಟ ಕೈಹಿಡಿಯಿತು. 1941ರಿಂದ 1957ರ ನಡುವೆ ಹದಿನೈದು ಬಾರಿ ವಿಶ್ವ ಪ್ರಶಸ್ತಿ ಗೆದ್ದ. 1954ರಲ್ಲಿ ಓಹಿಯೋದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಒಂದೂ ತಪ್ಪದೆ ಸತತ 526 ಚೆಂಡುಗಳನ್ನು ಬೀಳಿಸಿದ. ಆ ದಾಖಲೆ 65 ವರ್ಷ ನಿಂತಿತು. 2019ರಲ್ಲಿ ಜಾನ್ ಶ್ಮಿಟ್ 626ಕ್ಕೆ ಏರಿಸಿದರು. ಮೊಸ್ಕೋನಿಯ ಬದುಕು ಸಾರ್ಥಕವೇ ಎಂದು ತೀರ್ಮಾನಿಸಲು ಆ 526 ಸಾಕೆಂದು ಜಗತ್ತು ಭಾವಿಸುತ್ತದೆ. ಅವನು ಆ ಆಟದಿಂದ ಮನೆಯವರ ಹೊಟ್ಟೆ ತುಂಬಿಸಿದ್ದು ನಮ್ಮ ದೃಷ್ಟಿಯಲ್ಲಿ ಹೆಚ್ಚಿನದು.

ನಮ್ಮ ಹಿರಿಯರ ಹೀರೋ ಬೇರೆ. ಅವರ ವಸತಿಯಲ್ಲಿ ಫಿಲಿಪ್ಪೀನ್ಸ್‌ನ ಕಾರ್ಮಿಕರು ಬಹಳವಿದ್ದರು, ಆಟ ಕಲಿಸಿದವರು ಅವರೇ. ಅವರ ದೇಶದ ಎಫ್ರೆನ್ ರೆಯೆಸ್ ಐದು ವರ್ಷದ ಬಾಲಕನಾಗಿದ್ದಾಗ ಮನಿಲಾದಲ್ಲಿ ಪೂಲ್ ಮನೆ ನಡೆಸುತ್ತಿದ್ದ ಬಂಧುವಿನ ಬಳಿಗೆ ಬಂದು, ರಾತ್ರಿ ಅದೇ ಮೇಜಿನ ಮೇಲೆ ಮಲಗಿ ಬೆಳೆದವನು. 1999ರಲ್ಲಿ ಕಾರ್ಡಿಫ್‌ನಲ್ಲಿ ಅವನು ವಿಶ್ವ ಪ್ರಶಸ್ತಿ ಗೆದ್ದಾಗ ಆ ವಸತಿಯಲ್ಲಿ ಹಬ್ಬವೇ ನಡೆಯಿತಂತೆ. ಹಿರಿಯರು ಇದನ್ನು ಹೇಳುವಾಗ ಅವರ ಮುಖ ಬೆಳಗುವುದನ್ನು ಕಂಡೆವು. ಹದಿನಾರು ಮಂದಿ ಒಂದೇ ಕೋಣೆಯಲ್ಲಿ ಮಲಗುವ ಆ ಬದುಕಿನಲ್ಲಿ ಸಂಜೆ ಏಳರಿಂದ ಒಂಬತ್ತರ ತನಕ ಬೇರೆ ಏನಿತ್ತು? ಊರಿಗೆ ಫೋನ್ ಮಾಡುವುದು ತಿಂಗಳಿಗೊಮ್ಮೆ, ಅದೂ ಗಡಿಯಾರ ನೋಡಿಕೊಂಡು. ಆ ಹೊತ್ತಿನಲ್ಲಿ ಮಲಗಿ ಚಿಂತಿಸಿದವರು ಕಾಯಿಲೆ ಬಿದ್ದರು, ಹೊರಗೆ ಸುತ್ತಾಡಿದವರಲ್ಲಿ ಕೆಲವರು ಏನೇನಾದರೋ ಬಲ್ಲವರೇ ಬಲ್ಲರು. ಇವರು ಮೇಜಿನ ಸುತ್ತ ನಡೆದರು. 1994ರಲ್ಲಿ ಇವರ ತಂದೆ ತೀರಿಕೊಂಡಾಗ ಕೈಯಲ್ಲಿ ಟಿಕೆಟಿನ ಹಣವಿರಲಿಲ್ಲ. ಕೂಡಿಸಿ ಕೊಟ್ಟವರು ಮೇಜಿನ ಸಂಗಾತಿಗಳು, ಹೆಚ್ಚಿನವರು ಕ್ರೈಸ್ತರು. ಮರಳಿ ಹೋಗಿ ಆ ಸಾಲವನ್ನು ಎಂಟು ತಿಂಗಳಲ್ಲಿ ತೀರಿಸಿದೆ ಎಂದು ಹಿರಿಯರು ಎರಡು ಬಾರಿ ಹೇಳಿದರು.

ಆಟವು ಅವರಿಗೆ ಕೊಟ್ಟ ಇನ್ನೊಂದನ್ನು ಅವರು ಹೇಳಲಿಲ್ಲ, ಇತರರಿಂದ ತಿಳಿಯಿತು. ಈ ಆಟದ ಕುಲದಲ್ಲಿ ಒಂದು ಹಳೆಯ ಮರ್ಯಾದೆಯಿದೆ. ಆಡುವಾಗ ತೋಳು ಚೆಂಡಿಗೆ ತಾಗಿದರೆ ಅದು ತಪ್ಪು. ತೀರ್ಪುಗಾರನಿಗೆ ಕಾಣದಿದ್ದರೂ ಆಟಗಾರನೇ ಹೇಳಿ ಸರಿಯಬೇಕು. ಸ್ನೂಕರ್ ಬಿಲಿಯರ್ಡ್ಸ್‌ಗಳಲ್ಲಿ ದೊಡ್ಡ ಪಂದ್ಯಗಳಲ್ಲೂ ಇದನ್ನು ಪಾಲಿಸುವವರಿದ್ದಾರೆ. ಊರಿನ ಪೂಲ್ ಮನೆಯಲ್ಲಿ ಗೆಲ್ಲಲು ಒಂದೇ ಚೆಂಡು ಉಳಿದಿದ್ದಾಗ ಇವರು ತಲೆಯೆತ್ತಿ, ಅಂಗಿಯ ತುದಿ ತಾಗಿತು ಎಂದು ಕೋಲನ್ನು ಎದುರಾಳಿಯ ಕೈಗೆ ಕೊಟ್ಟದ್ದನ್ನು ನೋಡಿದವರಿದ್ದಾರೆ. ಯಾರೂ ನೋಡಿರಲಿಲ್ಲ. ನೋಡುವವನು ಒಬ್ಬನಿದ್ದಾನೆಂಬ ಪಾಠವನ್ನು ನಾವು ಮದ್ರಸದಲ್ಲಿ ಹಲವು ವರ್ಷಗಳಿಂದ ಕಲಿಸುತ್ತಿದ್ದೇವೆ. ಆ ಪಾಠವನ್ನು ಒಬ್ಬರು ಬಾಜಿಕಟ್ಟೆಯ ಹೆಸರು ಹೊತ್ತ ಮೇಜಿನ ಬಳಿ ನಡೆಸಿ ತೋರಿಸಿದ್ದನ್ನು ಕೇಳಿ ನಮಗೆ ಮಾತು ಹೊರಡಲಿಲ್ಲ. ಅಂಗಡಿಯಲ್ಲಿ ತೂಕ ಹಾಕುವಾಗ ಈ ಗುಣ ಎಷ್ಟು ಜನರಲ್ಲಿ ಉಳಿದಿದೆ ಎಂಬುದನ್ನು ಓದುಗರೇ ಯೋಚಿಸಲಿ.

ಇಷ್ಟನ್ನು ಹೇಳಿದ ಮೇಲೆ ಖರ್ಚಿನ ಪುಟವನ್ನೂ ತೆರೆಯಬೇಕಲ್ಲ. ಅವರಿಗೆ ಎರಡು ವರ್ಷಕ್ಕೊಮ್ಮೆ ಅರವತ್ತು ದಿನಗಳ ರಜೆ. ಆ ಅರವತ್ತು ದಿನಗಳಲ್ಲೂ ಸಂಜೆ ಏಳರಿಂದ ಒಂಬತ್ತು ಅವರು ಊರಿನ ಕ್ಲಬ್ಬಿನ ಮೇಜಿನ ಬಳಿಯೇ ಇರುತ್ತಿದ್ದರು. ಇದನ್ನು ನಮಗೆ ಹೇಳಿದವರು ಅವರ ಮಗಳು. ದೂರುವ ದನಿಯಲ್ಲಿ ಹೇಳಲಿಲ್ಲ. ಅಬ್ಬ ಬಂದರೆಂದು ತಾವು ಮಕ್ಕಳು ಮಗ್ರಿಬ್ ಆದ ಮೇಲೆ ಬಾಗಿಲಲ್ಲಿ ಕುಳಿತಿರುತ್ತಿದ್ದೆವು, ಅವರು ಬರುವಾಗ ನಿದ್ದೆ ಬಂದಿರುತ್ತಿತ್ತು, ಬೆಳಗ್ಗೆ ದಿಂಬಿನ ಬಳಿ ಚಾಕಲೇಟ್ ಇರುತ್ತಿತ್ತು ಎಂದರು. ಅವರ ತಾಯಿ ಪಕ್ಕದಲ್ಲೇ ಇದ್ದರು, ಏನೂ ಹೇಳಲಿಲ್ಲ.

ನಮ್ಮ ಅಭಿಪ್ರಾಯವು ನಿಂತಿರುವುದು ಈ ಎರಡು ಗಂಟೆಗಳ ವ್ಯತ್ಯಾಸದ ಮೇಲೆ. ಗಲ್ಫ್‌ನ ವಸತಿಯಲ್ಲಿ ಏಳರಿಂದ ಒಂಬತ್ತರ ಹೊತ್ತು ಅವರ ಸ್ವಂತದ್ದು. ಅದನ್ನು ಆಟಕ್ಕೆ ಕೊಟ್ಟಾಗ ಯಾರ ಹಕ್ಕೂ ಹೋಗಲಿಲ್ಲ, ಬದಲಿಗೆ ಮನಸ್ಸು ಉಳಿಯಿತು, ಸ್ನೇಹ ಸಿಕ್ಕಿತು. ಊರಿನಲ್ಲಿ ಅದೇ ಏಳರಿಂದ ಒಂಬತ್ತರ ಹೊತ್ತು ಬಾಗಿಲಲ್ಲಿ ಕುಳಿತಿದ್ದ ಮಕ್ಕಳದಾಗಿತ್ತು. ಸಲ್ಮಾನ್(ರ)ರು ಅಬೂದರ್ದಾ(ರ)ರಿಗೆ ಹೇಳಿದ್ದು ಇದನ್ನೇ ಅಲ್ಲವೇ? ದೇಹಕ್ಕೆ ಹಕ್ಕಿದೆ, ಮನೆಯವರಿಗೆ ಹಕ್ಕಿದೆ, ಪ್ರತಿ ಹಕ್ಕುದಾರನಿಗೂ ಅವನ ಹಕ್ಕನ್ನು ಕೊಡಬೇಕೆಂದು. ಅಲ್ಲಿ ಅಬೂದರ್ದಾ(ರ)ರು ಮುಳುಗಿದ್ದು ಆಟದಲ್ಲಿ ಅಲ್ಲ, ಉಪವಾಸ ಮತ್ತು ರಾತ್ರಿಯ ನಮಾಝ್‌ನಲ್ಲಿ ಎಂಬುದನ್ನು ಗಮನಿಸಿ. ಪ್ರವಾದಿ(ಸ)ರು ಸಲ್ಮಾನ್‌ರ ಮಾತನ್ನು ನಿಜವೆಂದರು. ಐಚ್ಛಿಕ ಆರಾಧನೆಯೇ ಮನೆಯವರ ಹಕ್ಕನ್ನು ನುಂಗಬಾರದೆಂದ ಮೇಲೆ, ಪೂಲ್ ಮೇಜು ನುಂಗಬಹುದೇ? ಹಾಗೆಯೇ, ಸಂಘಟನೆಯ ಸಭೆಗಳೂ, ಅಂಗಡಿಯ ಗಲ್ಲಾವೂ, ನಮ್ಮ ಪ್ರವಚನ ಸುತ್ತಾಟಗಳೂ ನುಂಗಬಹುದೇ? ಆಟಗಾರನನ್ನು ಮಾತ್ರ ಕಟಕಟೆಯಲ್ಲಿ ನಿಲ್ಲಿಸುವ ನಮ್ಮ ಸಮಾಜಕ್ಕೆ ಈ ಎರಡನೆಯ ಪ್ರಶ್ನೆ ಹಿಡಿಸಲಿಕ್ಕಿಲ್ಲ.

ಹಾಗಾಗಿ ನಾವು ಹಿರಿಯರಿಗೆ ಹೇಳಿದೆವು: ನಿಮ್ಮ 19,760 ಗಂಟೆಗಳು ವ್ಯರ್ಥವಾಗಲಿಲ್ಲ. ಅದರೊಳಗೆ ಸುಮಾರು ಎರಡು ಸಾವಿರ ಗಂಟೆ ಸಾಲವಿದೆ. ರಜೆಯ ಸಂಜೆಗಳನ್ನು ಎಣಿಸಿದರೆ ಅಷ್ಟಾಗುತ್ತದೆ. ಸಾಲಗಾರರು ಬದುಕಿದ್ದಾರೆ, ಒಂದೇ ಮನೆಯಲ್ಲಿದ್ದಾರೆ, ಒಬ್ಬರು ಮಾತ್ರ ಮದುವೆಯಾಗಿ ಎರಡು ಬೀದಿ ಆಚೆ ಇದ್ದಾರೆ. ಗಲ್ಫ್‌ನ ಸಂಗಾತಿಗಳ ಸಾಲವನ್ನು ಎಂಟು ತಿಂಗಳಲ್ಲಿ ತೀರಿಸಿದವರಿಗೆ ಇದು ಅಸಾಧ್ಯವಲ್ಲ. ಅವರು ಬಹಳ ಹೊತ್ತು ಸುಮ್ಮನಿದ್ದು, ಎರಡು ಸಾವಿರ ಗಂಟೆಯಷ್ಟು ಆಯುಷ್ಯ ಉಳಿದಿದೆಯೋ ಇಲ್ಲವೋ ಎಂದರು. ಅದನ್ನು ನಾವು ಹೇಳಲಾರೆವು.

ಮೊಮ್ಮಗನ ವಿಷಯದಲ್ಲಿ ಸೊಸೆಯು ನಮ್ಮಿಂದ ಬಯಸಿದ ಉತ್ತರ ಸಿಗಲಿಲ್ಲ. ಸಂಪೂರ್ಣ ನಿಷೇಧಿಸಿದರೆ ಅವನು ಆಲೂಗಡ್ಡೆ ಹುಡುಕುತ್ತಾನೆ, ಅಥವಾ ನಮ್ಮ ಕಣ್ಣಿಗೆ ಬೀಳದ, ಸೋತವರು ಹಣ ಕೊಡುವ ಹೊಗೆ ತುಂಬಿದ ಕೋಣೆಯನ್ನು ಹುಡುಕುತ್ತಾನೆ. ಅಜ್ಜನ ಜೊತೆಗೆ ಆಡಲಿ, ಇಶಾದ ಮೊದಲು ಮನೆಗೆ ಬರಲಿ, ಮೇಜಿನ ಹಣವನ್ನು ಮೊದಲೇ ಸಮನಾಗಿ ಹಂಚಲಿ ಎಂದೆವು. ಅಜ್ಜ ಆಡಲಾರರು ನಿಜ, ಕುರ್ಚಿಯಲ್ಲಿ ಕುಳಿತು ಬಿಳಿಯ ಚೆಂಡು ಎಲ್ಲಿ ನಿಲ್ಲಬೇಕೆಂದು ತೋರಿಸಬಲ್ಲರು.

ಇದನ್ನು ಕೇಳಿದ ಕೆಲವು ತರುಣರು ಜಮಾಅತ್‌ನ ವಾಚನಾಲಯದ ಹಿಂಬದಿಯ ಕೋಣೆಯಲ್ಲಿ ಒಂದು ಮೇಜು ಹಾಕಿಸಬೇಕೆಂದು ಅರ್ಜಿ ಬರೆದಿದ್ದಾರೆ. ಕೆಲವು ಹಿರಿಯರು ಸಿಟ್ಟಾಗಿದ್ದಾರೆ. ಪುಸ್ತಕಗಳ ಪಕ್ಕದಲ್ಲಿ, ದೊಡ್ಡವರ ಕಣ್ಣೆದುರಿನಲ್ಲಿ, ಬಾಡಿಗೆಯೂ ಬಾಜಿಯೂ ಇಲ್ಲದೆ ಮಕ್ಕಳು ಆಡುವುದಾದರೆ ನಮ್ಮ ಸಮ್ಮತಿಯಿದೆ. ಆದರೆ ಆ ಕೋಣೆ ಹದಿನಾರು ಅಡಿ ಉದ್ದ, ಹನ್ನೆರಡು ಅಡಿ ಅಗಲ. ಮೇಜಿನ ನಾಲ್ಕೂ ಕಡೆ ಕೋಲು ಹಿಂದಕ್ಕೆಳೆಯಲು ಸುಮಾರು ಐದಡಿ ಜಾಗ ಬೇಕು. ಒಂಬತ್ತು ಅಡಿಯ ಮೇಜು ಅಲ್ಲಿ ಹಿಡಿಯುವುದಿಲ್ಲವೆಂದು ಹಿರಿಯರೇ ಅಳತೆ ಪಟ್ಟಿ ತಂದು ಅಳೆದು ಹೇಳಿದ್ದಾರೆ. ಏಳು ಅಡಿಯದಾದರೆ ಗೋಡೆಯ ಕಪಾಟೊಂದನ್ನು ಸರಿಸಬೇಕಾಗುತ್ತದೆ. ಬರುವ ಶುಕ್ರವಾರದ ಸಭೆಯಲ್ಲಿ ಈ ಕಪಾಟಿನ ವಿಷಯ ಚರ್ಚೆಗೆ ಬರಲಿದೆ.